ಎರಡು ಮೈಯ ಅಗಲ

ನನ್ನ ತಂಗಿ ಫಕೀರವ್ವ ಕಲ್ಲುಗಣಿಗೆ ಬಿದ್ದ ದಿನ ಊರಿನವರೆಲ್ಲ ಕುದುರೆಯನ್ನು ಬೈದರು. ಕುದುರೆ ಅಲ್ಲಿಯೇ, ಗಣಿಯ ಅಂಚಿನಲ್ಲಿ, ಬಾಲವನ್ನು ಕಾಲುಗಳ ನಡುವೆ ಒತ್ತಿಕೊಂಡು ನಿಂತಿತ್ತು. ಅದರ ಕೊರಳಿನಲ್ಲಿ ಪುರಸಭೆಯ ತಗಡಿನ ಬಿಲ್ಲೆ, ಬಿಲ್ಲೆಯ ಮೇಲೆ ಹದಿನೇಳು ಎಂಬ ಅಂಕಿ. ಯಾರೋ ಅದಕ್ಕೆ ಕಲ್ಲು ಬೀಸಿದರು. ಕಲ್ಲು ತಗುಲಿದರೂ ಅದು ಓಡಲಿಲ್ಲ. ಓಡಬಾರದೆಂದು ಅದಕ್ಕೆ ಹೊಡೆದು ಕಲಿಸಿದ್ದರು. ನಾನು ಕಲ್ಲು ಬೀಸಿದವನ ಮುಂಗೈ ಹಿಡಿದು ತಿರುಚಿದೆ. ಅವನು ನನಗಿಂತ ಇಪ್ಪತ್ತು ವರ್ಷ ಚಿಕ್ಕವನು, ಕಲ್ಲು ಒಡೆಯುವ ಕೆಲಸದವನು, ಆದರೂ ಕೂಗಿಕೊಂಡ. ಆ ದಿನದ ಸಿಟ್ಟು ನನಗಿನ್ನೂ ಇಳಿದಿಲ್ಲ. ಇಳಿಯಲಿ, ಆಮೇಲೆ ಸಮಾಧಾನದಿಂದ ಹೇಳೋಣ ಎಂದು ಕಾದರೆ ಇದನ್ನು ಹೇಳುವುದೇ ಆಗುವುದಿಲ್ಲ.

ನಮ್ಮೂರಿನಲ್ಲಿ ದಿನಾಲೂ ಮಧ್ಯಾಹ್ನ ಬಿಳುಪು ಇಳಿಯುತ್ತದೆ. ಪುರಸಭೆಯ ಗಂಟೆ ಹನ್ನೆರಡು ಬಾರಿಸಿದ ಸ್ವಲ್ಪ ಹೊತ್ತಿಗೆ ಗುಡ್ಡದ ಕಡೆಯಿಂದ ಬಂದು ಓಣಿಗಳನ್ನು ತುಂಬಿಕೊಳ್ಳುತ್ತದೆ, ಮೂರರ ಹೊತ್ತಿಗೆ ಎದ್ದು ಹೋಗುತ್ತದೆ. ಮಂಜಲ್ಲ, ಮೈ ಒದ್ದೆಯಾಗುವುದಿಲ್ಲ. ಹೊಗೆಯೂ ಅಲ್ಲ, ಕೆಮ್ಮು ಬರುವುದಿಲ್ಲ. ಮುಖದ ಮುಂದೆ ಹಿಡಿದ ಕೈ ಕಾಣುವುದಿಲ್ಲ, ಅಷ್ಟೇ. ಬೇರೆ ಊರಿನಿಂದ ಸೊಸೆಯಾಗಿ ಬಂದವರು ಒಂದು ವಾರ ಅಳುತ್ತಾರೆ, ಆಮೇಲೆ ಬಿಳುಪಿನಲ್ಲೇ ರೊಟ್ಟಿ ಬಡಿಯುವುದನ್ನು ಕಲಿಯುತ್ತಾರೆ. ಕಿರಾಣಿ ಅಂಗಡಿಯವರು ಉಪ್ಪಿನ ಚೀಲಕ್ಕೆ ಒಂದು ಗಂಟು, ಸಕ್ಕರೆಯ ಚೀಲಕ್ಕೆ ಎರಡು ಗಂಟು ಹಾಕಿಡುತ್ತಾರೆ. ಕ್ಷೌರದ ಅಂಗಡಿಯವನು ಗಂಟೆ ಕೇಳಿದ ಕೂಡಲೇ ಕತ್ತಿ ಮಡಚುತ್ತಾನೆ. ಅರ್ಧ ಗಡ್ಡದವರು ಮೂರು ಗಂಟೆಯವರೆಗೆ ಅಲ್ಲೇ ಕೂತು ಹರಟೆ ಹೊಡೆಯುತ್ತಾರೆ. ದಾರಿಯಲ್ಲಿ ಇರುವವರು ಎದುರಿನವರಿಗೆ ಡಿಕ್ಕಿಯಾಗದಂತೆ ತಮ್ಮ ಹೆಸರನ್ನು ತಾವೇ ಹೇಳಿಕೊಳ್ಳುತ್ತ ನಡೆಯುತ್ತಾರೆ.

ಬಿಳುಪಿನಲ್ಲಿ ಹೊರಗೆ ಹೋಗಲೇಬೇಕಾದವರಿಗೆ ಗಿಡ್ಡ ಕುದುರೆಗಳಿವೆ. ಮನುಷ್ಯರ ಸೊಂಟದೆತ್ತರ ಬರುತ್ತವೆ, ಅದಕ್ಕಿಂತ ಹೆಚ್ಚಿಲ್ಲ. ಊರೆಲ್ಲ ಮೆಟ್ಟಿಲು, ಸಂದಿ, ತಿರುವು. ದೊಡ್ಡ ಕುದುರೆ ಇಲ್ಲಿ ತಿರುಗಿಕೊಳ್ಳಲೂ ಆಗುವುದಿಲ್ಲ. ಆ ಬಿಳುಪಿನಲ್ಲೂ ಇವಕ್ಕೆ ಕಣ್ಣು ಕಾಣುತ್ತದೆ. ಹೆಗಲಿನ ಪಟ್ಟಿ ಹಿಡಿದು ಪಕ್ಕದಲ್ಲಿ ನಡೆದರೆ ಮನೆ ಮುಟ್ಟಿಸುತ್ತವೆ. ಅವನ್ನು ಪಳಗಿಸುವುದು ನಮ್ಮ ಮನೆತನದ ಕೆಲಸ. ಅಪ್ಪ ಮಾಡುತ್ತಿದ್ದ, ಅವನು ಹೋದ ಮೇಲೆ ಎಂಟು ವರ್ಷಗಳಿಂದ ನಾನು ಮಾಡುತ್ತಿದ್ದೇನೆ. ನನ್ನ ಹೆಸರು ನಿಂಬೆವ್ವ.

ಒಂದು ಕುದುರೆಗೆ ನನಗೆ ಒಂದು ವರ್ಷ ಬೇಕು. ಯಾಕೆ ಬೇಕು ಎಂದು ಊರಿನವರು ಕೇಳುತ್ತಲೇ ಇರುತ್ತಾರೆ, ನಾನು ಹೇಳುತ್ತಲೇ ಇರುತ್ತೇನೆ, ಅವರು ಕೇಳಿಸಿಕೊಳ್ಳುವುದಿಲ್ಲ. ಹಗ್ಗ ಹಿಡಿದು ಒಂದಿಷ್ಟು ಬಿಗಿ ಮಾಡಬೇಕು. ಕುದುರೆ ಒಂದು ಹೆಜ್ಜೆ ಇಟ್ಟಿತೋ ಇಲ್ಲವೋ, ಆ ಗಳಿಗೆಯಲ್ಲೇ ಸಡಿಲ ಬಿಡಬೇಕು. ಅದು ಕಲಿಯುವುದು ಸಡಿಲ ಬಿಟ್ಟಾಗ. ತಡವಾಗಿ ಬಿಟ್ಟರೆ ಕಲಿತದ್ದು ಕೆಟ್ಟಿತು. ಗೊರಸು ಎತ್ತಿದರೆ ಅದು ಕಾಲು ಎಳೆದುಕೊಳ್ಳುವುದಕ್ಕೆ ಮೊದಲೇ ನಾನು ಕೆಳಗಿಡಬೇಕು. ಇವತ್ತು ಎರಡು ಎಣಿಸುವಷ್ಟು ಹೊತ್ತು ಎತ್ತಿದರೆ ನಾಳೆ ಮೂರು. ಕಿವಿ ಹಿಂದಕ್ಕೆ ಹೋದರೆ ಅವತ್ತಿನ ಪಾಠ ಮುಗಿಯಿತು. ಬಾಯಿ ಚಪ್ಪರಿಸುತ್ತ ತಲೆ ತಗ್ಗಿಸಿದರೆ ಅದಕ್ಕೆ ತಿಳಿಯಿತು ಎಂದರ್ಥ. ಆಗ ಹೆಗಲಿನ ಮೇಲೆ, ತಾಯಿ ಕುದುರೆ ಹಲ್ಲಿನಿಂದ ಕೆರೆಯುವ ಜಾಗದಲ್ಲಿ ಉಗುರಿನಿಂದ ಕೆರೆಯಬೇಕು.

ಇವೆಲ್ಲ ನಾಲ್ಕು ತಿಂಗಳ ಮಾತು. ಉಳಿದ ಎಂಟು ತಿಂಗಳು ಒಂದೇ ಪಾಠ. ಕುದುರೆಗೆ ತನ್ನ ಮೈಯ ಅಗಲ ಹುಟ್ಟಿನಿಂದ ಗೊತ್ತಿರುತ್ತದೆ. ತಾನು ಹಿಡಿಸುವ ಸಂದಿಯಲ್ಲಿ ಅದು ನುಗ್ಗುತ್ತದೆ. ಆದರೆ ಅದರ ಪಕ್ಕದಲ್ಲಿ ಪಟ್ಟಿ ಹಿಡಿದ ಮನುಷ್ಯರಿಗೂ ಜಾಗ ಬೇಕಲ್ಲ. ಆ ಇನ್ನೊಂದು ಮೈಯ ಅಗಲವನ್ನು ಅದು ತನ್ನದೇ ಎಂದು ತಿಳಿಯಬೇಕು. ಅದಕ್ಕಾಗಿ ಬೆನ್ನಿಗೆ ಅಡ್ಡಲಾಗಿ ಹಗುರವಾದ ಬಿದಿರಿನ ಗಳ ಕಟ್ಟಿ ನಡೆಸುತ್ತೇವೆ. ಗಳ ಗೋಡೆಗೆ ತಾಗಿದರೆ ಹಿಂದಕ್ಕೆ ಬಂದು ಮತ್ತೆ ಶುರು. ಬೈಗುಳವಿಲ್ಲ, ಏಟಿಲ್ಲ. ಮತ್ತೆ ಶುರು, ಅಷ್ಟೇ. ತಿಂಗಳುಗಟ್ಟಲೆ ಹೀಗೆ ನಡೆದ ಮೇಲೆ ಗಳ ಬಿಚ್ಚಿ ಮನುಷ್ಯರನ್ನು ನಿಲ್ಲಿಸುತ್ತೇವೆ. ಕೊನೆಗೆ, ನಾವೇ ಬೇಕೆಂದು ಗುಂಡಿಯ ಕಡೆಗೆ ಎಳೆದರೂ ಅದು ಬರಬಾರದು. ಕಾಲೂರಿ ನಿಂತುಬಿಡಬೇಕು. ಒಡೆಯರಿಗೆ ಆಗುವುದಿಲ್ಲ ಎನ್ನಬಲ್ಲ ಕುದುರೆ ತಯಾರಾದ ಕುದುರೆ.

ಪುರಸಭೆಯ ಅಧ್ಯಕ್ಷ ಕಲ್ಮೇಶಪ್ಪನಿಗೆ ಇದೆಲ್ಲ ಸೋಮಾರಿತನವಾಗಿ ಕಂಡಿತು. ಊರು ಬೆಳೆದಿದೆ, ವರ್ಷಕ್ಕೆ ನಾಲ್ಕೈದು ಕುದುರೆ ಯಾವ ಮೂಲೆಗೆ ಸಾಕು, ನಲವತ್ತು ಮನೆಗೆ ನಲವತ್ತು ಕುದುರೆ ನಲವತ್ತೇ ದಿನದಲ್ಲಿ ಕೊಡುತ್ತೇನೆ ಎಂದು ಸಭೆಯಲ್ಲಿ ಹೇಳಿ ಚಪ್ಪಾಳೆ ಹೊಡೆಸಿಕೊಂಡ. ಹಳೇ ಗೋದಾಮಿನಲ್ಲಿ ಕುದುರೆ ಶಾಲೆ ತೆರೆದ. ಅದಕ್ಕೆ ಮೇಷ್ಟರಾಗಿ ಸೇರಿದವನು ಹಾಲಪ್ಪ. ಅವನು ಹರೆಯದಲ್ಲಿ ಆರು ತಿಂಗಳು ನಮ್ಮ ಅಂಗಳದಲ್ಲಿ ನನ್ನ ಜೊತೆಗೆ ಅಪ್ಪನ ಕೈಕೆಳಗೆ ಕಲಿತವನು, ನನ್ನನ್ನು ಅಕ್ಕಾ ಎಂದು ಕರೆಯುವವನು. ಗೊತ್ತಿಲ್ಲದವನು ಮಾಡಿದ್ದರೆ ಗೊತ್ತಿಲ್ಲದೆ ಮಾಡಿದ ಎನ್ನಬಹುದಿತ್ತು. ಗೋದಾಮಿನ ಹಿಂದಿನ ಓಣಿಯಲ್ಲಿ ಹಾದುಹೋಗುವಾಗ ನಾನು ಹುಣಸೆ ಬರಲಿನ ಛಡಿಯೇಟಿನ ಸದ್ದು ಕೇಳಿದ್ದೇನೆ. ಗಾಳಿಯಲ್ಲಿ ಒಂದು ಸೀಟಿ, ಆಮೇಲೆ ತೊಗಲಿನ ಮೇಲೆ ಒಂದು ಪೆಟ್ಟು. ಒಂದು ಕುದುರೆಯೂ ಕೆನೆಯುತ್ತಿರಲಿಲ್ಲ. ಆ ಮೌನ ಕೇಳಿ ಮನೆಗೆ ಬಂದವಳು ಎರಡು ದಿನ ನನ್ನ ಕುದುರೆಗಳನ್ನು ಮುಟ್ಟಲಿಲ್ಲ. ಕೈಯಲ್ಲಿ ಸಿಟ್ಟಿದ್ದರೆ ಅವಕ್ಕೆ ಹಗ್ಗದಲ್ಲೇ ಗೊತ್ತಾಗುತ್ತದೆ.

ಫಕೀರವ್ವ ಸೂಲಗಿತ್ತಿ. ಊರಿನ ಅರ್ಧ ಮಕ್ಕಳನ್ನು ಹಿಡಿದವಳು ಅವಳೇ. ಅವಳ ಹಳೆಯ ಕುದುರೆ ಮುಪ್ಪಿನಿಂದ ಸತ್ತಾಗ ನನ್ನ ಬಳಿ ಒಂದು ಕಂದು ಹೆಣ್ಣು ಕುದುರೆ ಅರ್ಧ ತಯಾರಾಗಿತ್ತು. ಅದನ್ನೇ ಕೊಡು ಎಂದು ಕೇಳಿದಳು. ಇನ್ನೂ ಐದು ತಿಂಗಳು ಬೇಕು ಎಂದೆ. ಅವಳು ಮೂರು ಸಲ ಬಂದು ಕೇಳಿದಳು. ಮೂರನೆಯ ಸಲ ನಾನು ರೇಗಿದೆ.

"ನೀ ಕೂಸು ಹಿಡಿಯೂ ಮುಂದ ನಾ ಬಂದು ಲಗೂ ಮಾಡು ಅಂತೀನೇನು?" ಎಂದೆ. "ನನ್ನ ಕೆಲಸಕ್ಕ ಯಾಕ ಅಂತಿ?"

"ಹಂಗಾದ್ರ ನಾ ಪುರಸಭಿ ಕುದುರಿ ತಗೋತೀನಿ."

"ತಗೋ. ತಗೊಂಡು ಎಲ್ಲಿ ಬೇಕಾದಲ್ಲಿ ಹೋಗು. ಮತ್ತ ನನ್ನ ಬಾಗಿಲಿಗೆ ಬರಬ್ಯಾಡ."

ಅವಳು ಹದಿನೇಳನೆಯ ನಂಬರಿನದನ್ನು ತೆಗೆದುಕೊಂಡಳು. ಹನ್ನೊಂದು ದಿನ ಏನೂ ಆಗಲಿಲ್ಲ. ಹನ್ನೆರಡನೆಯ ದಿನ ಗಣಿಯ ಮೇಲಿನ ಕೇರಿಯಲ್ಲಿ ಒಬ್ಬಳಿಗೆ ಬಿಳುಪಿನ ಹೊತ್ತಿಗೇ ನೋವು ಶುರುವಾಯಿತು. ಗಣಿಯ ಅಂಚಿನ ದಾರಿಗೆ ತಡೆಗೋಡೆ ಇತ್ತು. ಹಿಂದಿನ ತಿಂಗಳು ಅದರಲ್ಲಿ ಐದಾರು ಮಾರಿನಷ್ಟು ಕುಸಿದಿತ್ತು, ಪುರಸಭೆಯವರು ನೋಡಿಕೊಂಡು ಹೋಗಿದ್ದರು. ಕುಸಿದ ಕಡೆ ದಾರಿ ಒಂದು ಮೈಯ ಅಗಲ ಮಾತ್ರ ಉಳಿದಿತ್ತು. ಕುದುರೆ ಹಿಡಿಸುತ್ತಿತ್ತು. ಅದು ನೇರವಾಗಿ, ಎಲ್ಲೂ ನಿಲ್ಲದೆ, ಕಲಿಸಿದ ಹಾಗೆಯೇ ನಡೆಯಿತು. ಪಕ್ಕದಲ್ಲಿದ್ದ ನನ್ನ ತಂಗಿಯ ಕಾಲ ಕೆಳಗೆ ನೆಲವಿರಲಿಲ್ಲ.

ಅತ್ತ ಕೂಸು ತಾನಾಗಿಯೇ ಹುಟ್ಟಿತು, ಬಾಣಂತಿಯ ಅತ್ತೆಯೇ ಹೊಕ್ಕುಳಬಳ್ಳಿ ಕತ್ತರಿಸಿದಳು. ಇತ್ತ ಬಿಳುಪು ಎದ್ದ ಮೇಲೆಯೇ ನಮಗೆ ಫಕೀರವ್ವ ಕಂಡಳು. ಎರಡು ಗಂಟೆ ಹೊತ್ತು ಅವಳು ಗಣಿಯ ತಳದಲ್ಲಿ ಬಿದ್ದು ತನ್ನ ಹೆಸರನ್ನು ತಾನೇ ಕೂಗುತ್ತಿದ್ದಳು. ದಾರಿಯಲ್ಲಿ ಹೋದವರು ಕೇಳಿಸಿಕೊಂಡಿದ್ದರು. ಎಲ್ಲೋ ನಡೆದು ಹೋಗುತ್ತಿದ್ದಾಳೆ ಎಂದುಕೊಂಡಿದ್ದರು.

ಸೊಂಟ ಮುರಿದಿತ್ತು. ಡಾಕ್ಟರು ಇನ್ನು ನಿಲ್ಲುವುದಿಲ್ಲ ಎಂದರು. ಅವಳನ್ನು ನನ್ನ ಮನೆಗೇ ತಂದು ಪಡಸಾಲೆಯಲ್ಲಿ ಹಾಸಿಗೆ ಮಾಡಿದೆ. ಒಂದು ವಾರ ಅವಳು ನನ್ನೊಡನೆ ಮಾತಾಡಲಿಲ್ಲ. ಎಂಟನೆಯ ದಿನ ಗಂಜಿ ಕುಡಿಸುವಾಗ ಬಟ್ಟಲನ್ನು ಕೈಯಿಂದ ತಳ್ಳಿದಳು.

"ನೀ ಆ ಕಂದು ಕುದುರಿ ಕೊಟ್ಟಿದ್ರ ನಾ ಬೀಳ್ತಿರಲಿಲ್ಲ."

"ಅದಿನ್ನೂ ತಯಾರಾಗಿರಲಿಲ್ಲ. ಅದೂ ಬೀಳಸತಿತ್ತು."

"ಕುದುರಿ ತಯಾರಾಗೂತನ ಹಡಿಯವರು ತಡಕೋತಾರೇನು? ನೀ ಬರೇ ನಿನ್ನ ಕುದುರಿ ನೋಡಿದಿ. ನಾ ಎಲ್ಲಿ ಹೋಗಾಕಿ, ಯಾಕ ಹೋಗಾಕಿ, ಅದನ್ನ ಒಂದ ದಿನಾನೂ ಕೇಳಲಿಲ್ಲ. ನೀನ ನನ್ನ ಕೈ ಹಿಡಕೊಂಡು ಬರಬಹುದಿತ್ತು. ನಿನ್ನ ಹಳೇ ಕುದುರಿ ಇತ್ತಲ್ಲ. ಐದು ತಿಂಗಳು ನೀ ನನ್ನ ಜೊತಿ ಓಡಾಡಿದ್ರ ನಿನ್ನ ಗಂಟೇನು ಹೋಗತಿತ್ತು?"

ಅದು ನನಗೆ ಹೊಳೆದೇ ಇರಲಿಲ್ಲ. ನನ್ನ ಕುದುರೆಗೆ ಹದಿನಾರು ವರ್ಷ, ನನ್ನನ್ನೂ ಅವಳನ್ನೂ ಸೇರಿಸಿ ನಡೆಸುವಷ್ಟು ಬುದ್ಧಿ ಅದಕ್ಕಿತ್ತು. ನಾನು ಹಿತ್ತಲಿಗೆ ಹೋಗಿ ಹುರಳಿ ಬೇಯಿಸುವ ಪಾತ್ರೆಯನ್ನು ಗೋಡೆಗೆ ಎಸೆದೆ. ಯಾರ ಮೇಲಿನ ಸಿಟ್ಟು ಎಂದು ಕೇಳಿದರೆ ಆಗ ಹೇಳಲು ಆಗುತ್ತಿರಲಿಲ್ಲ.

ಮರುದಿನ ಪುರಸಭೆಯಲ್ಲಿ ವಿಚಾರಣೆ. ಬೆಳಿಗ್ಗೆ ಹತ್ತಕ್ಕೆ ಎಂದು ಕರೆದಿದ್ದರು, ಕಲ್ಮೇಶಪ್ಪ ಬಂದದ್ದು ಹನ್ನೊಂದಕ್ಕೆ. ಸಭಾಂಗಣ ತುಂಬಿತ್ತು. ಕುದುರೆ ಪಡೆದ ಮನೆಯವರೆಲ್ಲ ಬಂದಿದ್ದರು. ಹೊರಗಿನ ಅಂಗಳದಲ್ಲಿ ಮೂವತ್ತೊಂಬತ್ತು ಕುದುರೆ ಸಾಲಾಗಿ, ಒಂದೂ ಬಾಲ ಆಡಿಸದೆ, ಅಳ್ಳಾಡದೆ ನಿಂತಿದ್ದವು. ನೊಣ ಕೂತರೂ ತೊಗಲು ಅದುರಿಸದ ಕುದುರೆಗಳನ್ನು ನೋಡಿ ಜನ ಎಷ್ಟು ಶಿಸ್ತು ಎನ್ನುತ್ತಿದ್ದರು. ಹಾಲಪ್ಪ ಮೂಲೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ.

ಕಲ್ಮೇಶಪ್ಪ ಮುಕ್ಕಾಲು ಗಂಟೆ ಮಾತಾಡಿದ. ಫಕೀರವ್ವ ಊರಿಗೆ ತಾಯಿ ಇದ್ದ ಹಾಗೆ ಎಂದ. ಹದಿನೇಳನೆಯ ನಂಬರಿನ ಕುದುರೆಗೆ ಹುಟ್ಟಿನಿಂದಲೇ ತಲೆ ಕೆಟ್ಟಿತ್ತು, ಇಂಥ ಒಂದು ನಲವತ್ತರಲ್ಲಿ ಬರುವುದು ಸಹಜ, ಅದನ್ನು ನಾಳೆ ಬೆಳಿಗ್ಗೆ ಗಣಿಯ ಹಿಂದೆ ಒಯ್ದು ಮುಗಿಸಲಾಗುವುದು, ಉಳಿದ ಮೂವತ್ತೊಂಬತ್ತರ ಬಗ್ಗೆ ಯಾರೂ ಚಿಂತೆ ಮಾಡುವ ಕಾರಣವಿಲ್ಲ ಎಂದ. ಜನ ತಲೆಯಾಡಿಸಿದರು. ನಾನು ಎದ್ದು ನಿಂತೆ.

"ಆ ಕುದುರಿ ತಲಿ ಸರಿ ಐತಿ," ಎಂದೆ. "ನೀವು ಕಲಿಸಿದ್ದನ್ನ ಅದು ಮಾಡೇತಿ. ನಡಿ ಅಂದ್ರ ನಡಿಬೇಕು, ನಿಂತ್ರ ಏಟು. ಅದು ನಿಲ್ಲಲಿಲ್ಲ. ನಿಂತಿದ್ರ ನನ್ನ ತಂಗಿ ಇವತ್ತ ನಡೀತಿದ್ಲು."

"ನಿಂಬೆವ್ವ, ನಿನ್ನ ಸಂಕಟ ನಮಗ ಗೊತ್ತೈತಿ. ಕುಂದರು."

"ನನ್ನ ಸಂಕಟ ನನ್ನ ಹಂತೇಕ ಇರಲಿ. ಹಾಲಪ್ಪಗ ಒಂದ ಮಾತು ಕೇಳ್ತೀನಿ. ಹಾಲಪ್ಪಾ, ಗಳ ಕಟ್ಟಿ ನಡಸೀಯೇನು? ಒಂದ ದಿನ? ಒಂದ ಕುದುರಿನ?"

ಹಾಲಪ್ಪ ತಲೆಯೆತ್ತಲಿಲ್ಲ. "ಟೈಮ್ ಇರಲಿಲ್ಲಕ್ಕಾ," ಎಂದ. ಮೆಲ್ಲಗೆ ಹೇಳಿದರೂ ಎಲ್ಲರಿಗೂ ಕೇಳಿಸಿತು. ಆದರೆ ಗಳ ಎಂದರೇನು ಎಂದು ಅಲ್ಲಿದ್ದ ಬಹಳ ಜನಕ್ಕೆ ಗೊತ್ತಿರಲಿಲ್ಲ. ನಾನು ಹೇಳತೊಡಗಿದೆ. ಅಷ್ಟರಲ್ಲಿ ಗಂಟೆ ಬಾರಿಸಿತು. ಕಿಟಕಿಗಳ ಕಡೆಯಿಂದ ಬಿಳುಪು ಒಳಗೆ ಬಂತು. ಮೊದಲು ಕಲ್ಮೇಶಪ್ಪನ ಮೇಜು ಹೋಯಿತು, ಆಮೇಲೆ ಅವನ ಜರತಾರಿ ರುಮಾಲು, ಆಮೇಲೆ ಎಲ್ಲರೂ.

"ಸಭೆ ಮುಗೀತು," ಎಂದು ಅವನ ದನಿ ಬಂತು. "ಎಲ್ಲಾರೂ ನಿಮ್ಮ ನಿಮ್ಮ ಕುದುರಿ ಹಿಡಕೊಂಡು ಹುಷಾರಾಗಿ ಮನಿಗೆ ಹೋಗ್ರಿ. ಯಾರಲ್ಲಿ, ನನ್ನ ಕುದುರಿ ತರ್ರಿ."

"ಯಾವ ಕುದುರಿ, ಅಧ್ಯಕ್ಷರ?" ಎಂದೆ. "ಬಾಗಿಲ ಹಂತೇಕ ನೆರಳಾಗ ಕಟ್ಟೀರಲ್ಲ, ಆ ಬೂದಿ ಬಣ್ಣದ್ದು? ಅದನ್ನ ನಮ್ಮಪ್ಪ ಹದಿಮೂರು ತಿಂಗಳು ಪಳಗಿಸ್ಯಾನ. ಕಡೀ ಮೂರು ತಿಂಗಳು ನಾ ಪಟ್ಟಿ ಹಿಡದೀನಿ. ಅದು ಬ್ಯಾಡ್ರಿ. ಅಂಗಳದಾಗ ಮೂವತ್ತೊಂಬತ್ತು ಅದಾವ. ಅದರಾಗ ಒಂದು ತಗೋರಿ. ನಿಮ್ಮ ಮನಿ ಗಣಿ ಮ್ಯಾಲಿನ ಕೇರ್ಯಾಗ. ಗ್ವಾಡಿ ಬಿದ್ದ ದಾರೀಲೆ ಹೋಗ್ರಿ. ನೀವು ಮನಿ ಮುಟ್ಟಿದ್ರ ನಾ ನಾಳೆ ನನ್ನ ಅಂಗಳದ ಬಾಗಿಲು ಹಾಕತೀನಿ."

ಬಿಳುಪಿನಲ್ಲಿ ಮನುಷ್ಯರನ್ನು ತಿಳಿಯುವುದು ಸದ್ದಿನಿಂದ; ಬಟ್ಟೆ ಸರಿದ ಸದ್ದು, ಬಳೆ ಸದ್ದು, ಚಪ್ಪಲಿ ಹುಡುಕುವ ಸದ್ದು. ಆಗ ಯಾವುದೂ ಇರಲಿಲ್ಲ. ನಾನು ಕಲ್ಮೇಶಪ್ಪನ ಕುರ್ಚಿಯ ಕಿರುಗುಟ್ಟುವಿಕೆಗಾಗಿ ಕಾದೆ. ಅದು ಬರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಬಾಗಿಲ ಬಳಿ ಯಾರೋ ಹೆಂಗಸು, "ನಾ ಬಿಳುಪು ಎದ್ದಮ್ಯಾಲ ಹೋಗತೀನಿ," ಎಂದಳು. ಆಮೇಲೆ ಇನ್ನೊಬ್ಬಳು ಅದನ್ನೇ ಹೇಳಿದಳು. ಮೂರು ಗಂಟೆಯವರೆಗೆ ಇನ್ನೂರು ಜನ ಆ ಸಭಾಂಗಣದಲ್ಲಿ ಕೂತಿದ್ದರು. ಒಬ್ಬರೂ ಏಳಲಿಲ್ಲ, ಅಧ್ಯಕ್ಷನೂ ಏಳಲಿಲ್ಲ. ಬಿಳುಪು ಎದ್ದಾಗ ಅವನ ಮುಖ ಬೆವೆತಿತ್ತು. ನಾನು ಅದನ್ನು ಚೆನ್ನಾಗಿ ನೋಡಿ, ಹೊರಗೆ ಬಂದು, ಪುರಸಭೆಯ ಲಾಯದ ಮೂಲೆಯಲ್ಲಿ ಕಟ್ಟಿದ್ದ ಹದಿನೇಳನೆಯ ನಂಬರಿನ ಕುದುರೆಯನ್ನು ಬಿಚ್ಚಿಕೊಂಡು ಮನೆಗೆ ಬಂದೆ. ಯಾರೂ ತಡೆಯಲಿಲ್ಲ.

ಅದನ್ನು ನೋಡಿ ಫಕೀರವ್ವ ಮುಖ ತಿರುಗಿಸುತ್ತಾಳೆ ಎಂದುಕೊಂಡಿದ್ದೆ. ಅವಳು ಹಾಸಿಗೆಯ ಬಳಿಗೆ ತರಲು ಹೇಳಿದಳು. ಕೊರಳಿನ ಬಿಲ್ಲೆಯನ್ನು ಬಿಚ್ಚಿ ನನ್ನ ಕೈಗೆ ಕೊಟ್ಟು, "ಇದನ್ನ ದೂರ ಒಗಿ," ಎಂದಳು. "ನನಗ ಬಿದ್ದಾಗಿನದು ನೆನಪೈತಿ. ಮ್ಯಾಲ ಇದು ಒಂದ ಸವನ ಒದರಾಕತ್ತಿತ್ತು. ಕಲತಿದ್ದೆಲ್ಲ ಮರತು ಒದರತಿತ್ತು. ದಾರ್‍ಯಾಗ ಹೋಗವರು ಅದನ್ನೂ ಕೇಳ್ಯಾರ." ಅವಳು ಅದಕ್ಕೆ ಕೆಂಚಿ ಎಂದು ಹೆಸರಿಟ್ಟಳು.

ಗೆದ್ದೆ ಎಂದು ನನಗೆ ಅನ್ನಿಸಿದ್ದು ಒಂದೇ ರಾತ್ರಿ. ಮರುದಿನ ಬೆಳಿಗ್ಗೆ ಬಾಗಿಲು ತೆರೆದರೆ ಗೇಟಿಗೆ, ಬೇಲಿಗೆ, ಬೇವಿನ ಮರಕ್ಕೆ, ಪಕ್ಕದ ಮನೆಯ ಕಿಟಕಿಯ ಸರಳಿಗೆ ಕುದುರೆಗಳನ್ನು ಕಟ್ಟಿ ಹೋಗಿದ್ದರು. ಮೂವತ್ತೊಂಬತ್ತು. ಕೆಲವರು ಹೋಗದೆ ನಿಂತಿದ್ದರು. "ಇವನ್ನ ಸರಿ ಮಾಡಿ ಕೊಡವ್ವಾ," ಎಂದರು. "ಎಂದ ಬರೂಣು?" ಎಂದರು. ಒಬ್ಬಾತ, ನಮ್ಮದನ್ನು ಮೊದಲು ಮಾಡು, ನಮ್ಮ ಮನೆಯಲ್ಲಿ ತುರ್ತಿದೆ ಎಂದ.

ಆಗ ನಾನು ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ನಲವತ್ತು ದಿನದಲ್ಲಿ ಕುದುರೆ ಬೇಕೆಂದು ಚಪ್ಪಾಳೆ ಹೊಡೆದವರು ಇವರೇ. ಗೋದಾಮಿನ ಓಣಿಯಲ್ಲಿ ಬರಲಿನ ಸದ್ದು ನನಗೊಬ್ಬಳಿಗೇ ಕೇಳಿಸಿರಲಿಲ್ಲ. ಕೊನೆಗೆ ದನಿ ಬಿದ್ದುಹೋದ ಮೇಲೆ ಹೇಳಿದೆ: ನಾನು ಯಾರ ಕುದುರೆಯನ್ನೂ ಸರಿ ಮಾಡಿ ಕೊಡುವುದಿಲ್ಲ. ಯಾರಿಗೆ ಬೇಕೋ ಅವರು ದಿನಾಲೂ ಬೆಳಿಗ್ಗೆ ಇಲ್ಲಿಗೆ ಬಂದು ತಮ್ಮ ಕುದುರೆಯ ಜೊತೆ ತಾವೇ ಕೂರಬೇಕು. ವರ್ಷ ಹಿಡಿಯಬಹುದು, ಎರಡೂ ಆಗಬಹುದು. ಕೈ ಎತ್ತಿದವರು ಅವತ್ತೇ ಹೊರಗೆ.

ಇಪ್ಪತ್ತೆಂಟು ಜನ ಬಂದರು. ಬರುತ್ತಲೇ ಇದ್ದಾರೆ. ಹೊಡೆತ ತಿಂದ ಕುದುರೆಗೆ ಮೊದಲು ಏನನ್ನೂ ಕಲಿಸಬಾರದು. ಅಂಗಳದಲ್ಲಿ ಅದನ್ನು ಬಿಟ್ಟು, ಅದಕ್ಕೆ ಬೆನ್ನು ಹಾಕಿ ನೆಲದ ಮೇಲೆ ಕೂರಬೇಕು. ನೋಡಬಾರದು, ಕರೆಯಬಾರದು, ಕೈಯಲ್ಲಿ ಬೆಲ್ಲ ಇಟ್ಟುಕೊಳ್ಳಬಾರದು. ಅದು ತಾನಾಗಿ ಬಂದು ಮುಟ್ಟುವವರೆಗೆ ಕೂರಬೇಕು. ಬಟ್ಟೆ ಅಂಗಡಿಯ ದೊಡ್ಡ ಸಾಹುಕಾರ, ಶಾಲೆಯ ಹೆಡ್ಮೇಷ್ಟ್ರು, ಹೂ ಮಾರುವ ಪಾರ್ವತೆವ್ವ ಎಲ್ಲರೂ ನನ್ನ ಅಂಗಳದ ಮಣ್ಣಿನಲ್ಲಿ ಕೂತು ಕಾಯುವುದನ್ನು ಕಲಿತರು. ಹೆಡ್ಮೇಷ್ಟ್ರು ಮೂರನೆಯ ದಿನವೇ ಹಿಂತಿರುಗಿ ನೋಡಿ, ಕುದುರೆ ಮೂಲೆಗೆ ಓಡಿ, ಮತ್ತೆ ಮೊದಲಿನಿಂದ ಶುರು ಮಾಡಬೇಕಾಯಿತು. ನಾನು ಅವರಿಗೆ ನೀರು ಕೊಟ್ಟೆ, ಸಮಾಧಾನದ ಮಾತು ಕೊಡಲಿಲ್ಲ.

ಉಳಿದ ಹನ್ನೊಂದಕ್ಕೆ ಯಾರೂ ಬರಲಿಲ್ಲ. ಅವಲ್ಲದೆ ಕೆಂಚಿಯೂ ಇತ್ತು. ಅದು ನನ್ನನ್ನು ಹತ್ತಿರ ಬಿಡುತ್ತಿರಲಿಲ್ಲ. ನಾನು ಕೂತರೂ ನನ್ನ ಬೆನ್ನಿನಿಂದಲೇ ಸಿಟ್ಟು ಹೊಮ್ಮುತ್ತಿತ್ತೋ ಏನೋ, ಅದು ಗೋಡೆಗೆ ಒತ್ತಿಕೊಂಡು ನಡುಗುತ್ತಿತ್ತು. ಆ ಹೊತ್ತಿಗೆ ಕಂದು ಹೆಣ್ಣು ಕುದುರೆ ಪೂರ್ತಿ ತಯಾರಾಗಿತ್ತು. ಎರಡು ಮೈಯ ಅಗಲ ತಪ್ಪದೆ ನಡೆಯುತ್ತಿತ್ತು. ಅದರ ಪಟ್ಟಿ ಹಿಡಿಯಬೇಕಾದವಳು ಹಾಸಿಗೆಯಲ್ಲಿದ್ದಳು. ಹೋಗಲಾರದ ಅವಳ ಹತ್ತಿರಕ್ಕೇ ಬಸುರಿಯರು ಬರತೊಡಗಿದರು. ನಮ್ಮ ಪಡಸಾಲೆಯಲ್ಲೇ ನಾಲ್ಕು ಹೆರಿಗೆಗಳಾದವು. ಅವಳು ಹಾಸಿಗೆಯಿಂದ ಹೇಳುತ್ತಿದ್ದಳು, ನಾನು ಕೂಸು ಹಿಡಿಯುತ್ತಿದ್ದೆ. ಹೇಳುವಾಗಲೂ ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಗಣಿಯ ಅಂಚಿಗೆ ಹೊಸ ತಡೆಗೋಡೆ ಬಂತು, ಅದರ ಮೇಲೆ ಕಲ್ಮೇಶಪ್ಪನ ಹೆಸರು ಕೆತ್ತಿದ ಕಲ್ಲಿನ ಫಲಕ ಬಂತು. ಕುದುರೆ ಶಾಲೆ ದುರಸ್ತಿಗಾಗಿ ಮುಚ್ಚಿದೆ ಎಂದು ಬೋರ್ಡು ಹಾಕಿದರು. ಅವನು ಈಗಲೂ ಅಧ್ಯಕ್ಷ.

ಒಂದು ದಿನ ಹಾಲಪ್ಪ ಬಂದು ಗೇಟಿನ ಹೊರಗೆ ನಿಂತ. ತೆಳ್ಳಗಾಗಿದ್ದ. ಅಂಗಳದಲ್ಲಿದ್ದ ಕುದುರೆಗಳೆಲ್ಲ ಅವನ ವಾಸನೆಗೆ ಒಮ್ಮೆಲೇ ಕಲ್ಲಿನ ಹಾಗೆ ನಿಂತವು.

"ಅಕ್ಕಾ, ನನಗೂ ಕೆಲಸ ಕೊಡು," ಎಂದ. "ಲಾಯ ಬಳಿತೀನಿ, ನೀರು ಹೊರ್ತೀನಿ."

"ಹೋಗು," ಎಂದೆ. "ಇವಕ್ಕ ನಿನ್ನ ಮುಖ ತೋರಸಬ್ಯಾಡ."

ಅವನು ಹೋಗಲಿಲ್ಲ. ನಾನು ಗೇಟಿನ ಅಗುಳಿ ಹಾಕಿ ಒಳಗೆ ಬಂದೆ. ಫಕೀರವ್ವ ಎಲ್ಲ ಕೇಳಿಸಿಕೊಂಡಿದ್ದಳು.

"ಅಂವನ್ನ ಒಳಗ ಕರಿ," ಎಂದಳು.

"ನಿನ್ನ ಸೊಂಟ ಮುರದಾಂವ ಅಂವಾ."

"ಸೊಂಟ ನಂದು. ಕರಿ ಅಂತ ನಾನ ಹೇಳಾಕತ್ತೀನಿ. ಹನ್ನೊಂದು ಕುದುರಿ ಬೆನ್ನ ತೋರಸವರಿಲ್ಲದ ನಿಂತಾವ. ನಿನ್ನ ಕಡಿಂದ ಆಗವಲ್ದು, ದಿನಾ ನೋಡತೀನಿ. ಕೆಂಚಿ ನಿನ್ನ ಕಂಡ್ರ ನಡಗತೈತಿ."

"ಅಂವನ್ನ ಕಂಡ್ರ ಸಾಯತೈತಿ."

"ಸಾಯೂದಿಲ್ಲ. ಅದಕ್ಕ ಹೊಡದಾಂವ ಅಂವಾ. ಅಂವನ ಕೈಯಾಗ ಬರಲು ಇಲ್ಲ ಅಂತ ಅದಕ್ಕ ಅಂವನ ತಿಳಿಸಬೇಕು. ಬ್ಯಾರೆ ಯಾರು ತಿಳಿಸಿದ್ರೂ ಅದು ನಂಬೂದಿಲ್ಲ." ಅವಳು ಬಹಳ ದಿನಗಳ ಮೇಲೆ ನನ್ನ ಕಡೆ ತಿರುಗಿದಳು. "ನೀ ನನ್ನ ಕೂಡ ಐದು ತಿಂಗಳು ಬರಲಿಲ್ಲ. ಆದ್ರೂ ನಾ ನಿನ್ನ ಮನ್ಯಾಗ ಇಲ್ಲೇನು?"

ಎದ್ದು ಹೋಗಿ ಅಗುಳಿ ತೆಗೆದೆ. ಹಾಲಪ್ಪನಿಗೆ ಒಳಗೆ ಬಾ ಎಂದೂ ಹೇಳಲಿಲ್ಲ. ಕೆಂಚಿಯನ್ನು ಒಂಟಿಯಾಗಿ ಬಿಟ್ಟಿದ್ದ ಹಿಂದಿನ ಅಂಗಳವನ್ನು ಕೈಯಿಂದ ತೋರಿಸಿದೆ, ಕೂರುವ ಜಾಗದಲ್ಲಿ ಕಾಲಿನಿಂದ ಗೆರೆ ಎಳೆದೆ.

ಅವನು ದಿನಾಲೂ ಬೆಳಿಗ್ಗೆ ಆರಕ್ಕೆ ಬಂದು ಬೆನ್ನು ಹಾಕಿ ಕೂರುತ್ತಿದ್ದ, ಹನ್ನೆರಡರ ಗಂಟೆಗೆ ಎದ್ದು ಹೋಗುತ್ತಿದ್ದ. ಕೈಗಳನ್ನು ಅಂಗೈ ಮೇಲಾಗಿ ತೊಡೆಯ ಮೇಲೆ ಇಟ್ಟುಕೊಳ್ಳುತ್ತಿದ್ದ. ಮೊದಲ ವಾರ ಕೆಂಚಿ ಗೋಡೆ ಬಿಟ್ಟು ಅಲುಗಲಿಲ್ಲ, ಅವನು ಇರುವವರೆಗೆ ಹುಲ್ಲು ಮುಟ್ಟಲಿಲ್ಲ. ನಾನು ಅಡುಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ನಿಜ ಹೇಳುತ್ತೇನೆ, ಅದು ಬರುವುದು ಬೇಡ ಎಂದು ಬಯಸುತ್ತಿದ್ದೆ. ಅವನು ವರ್ಷಗಟ್ಟಲೆ ಹಾಗೆಯೇ ಬಿಸಿಲಲ್ಲಿ ಕೂರಲಿ, ಒಂದು ಪ್ರಾಣಿ ಅವನನ್ನು ಮುಟ್ಟದಿರಲಿ ಎಂದು ಬಯಸುತ್ತಿದ್ದೆ. ಎರಡನೆಯ ವಾರ ಅದು ಹುಲ್ಲು ತಿಂದಿತು. ಮೂರನೆಯ ವಾರ ಅಂಗಳದ ನಡುವಿನವರೆಗೆ ಬಂದು ಅವನ ಬೆನ್ನನ್ನು ನೋಡುತ್ತ ನಿಂತು, ಅವನು ಕೆಮ್ಮಿದ್ದಕ್ಕೆ ಓಡಿಹೋಯಿತು. ಮರುದಿನ ಅವನು ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಂದ.

ಇಪ್ಪತ್ತಾರನೆಯ ದಿನ ಹನ್ನೊಂದು ಗಂಟೆಯ ಸುಮಾರಿಗೆ ಕೆಂಚಿ ಮೂರು ಸಲ ಬಂದು ಮೂರು ಸಲ ಹಿಂದಕ್ಕೆ ಹೋಯಿತು. ನಾಲ್ಕನೆಯ ಸಲ ಕತ್ತು ಉದ್ದ ಮಾಡಿ, ಓಡಲು ಸಿದ್ಧವಾಗಿ ಹಿಂಗಾಲನ್ನು ದೂರ ಇಟ್ಟುಕೊಂಡೇ, ಅವನ ಬೆನ್ನಿಗೆ ಮೂತಿ ತಾಗಿಸಿತು. ಅವನು ಅಲುಗಲಿಲ್ಲ. ಅದು ಅವನ ತೋಳನ್ನು ಮೂಸಿತು, ಮುಂಗೈಯನ್ನು ಮೂಸಿತು, ಖಾಲಿ ಅಂಗೈಯನ್ನು ಬಹಳ ಹೊತ್ತು ಮೂಸಿತು. ಆಮೇಲೆ ಬಾಯಿ ಚಪ್ಪರಿಸುತ್ತ ತಲೆ ತಗ್ಗಿಸಿತು. ಹಾಲಪ್ಪನ ಹೆಗಲು ಅದುರತೊಡಗಿತು, ಅದಕ್ಕೂ ಅದು ಓಡಲಿಲ್ಲ.

"ಬಂತೇನು?" ಎಂದು ಫಕೀರವ್ವ ಪಡಸಾಲೆಯಿಂದ ಕೇಳಿದಳು.

"ಬಂತು."

"ಅಂವಾ?"

"ಅಳಾಕತ್ತಾನ."

"ನೀ?"

ಇಪ್ಪತ್ತಾರು ದಿನ. ಅಷ್ಟು ಏಟು ತಿಂದ ಕುದುರೆಗೆ ಇಪ್ಪತ್ತಾರು ದಿನ ಸಾಕಾಯಿತು. ಅದರ ಮೇಲೂ ನನಗೆ ಸಿಟ್ಟು ಬಂತು. ಅದಕ್ಕೆ ಬಂದದ್ದು ನನಗೆ ಬಾರದು; ನನ್ನ ತಂಗಿ ಗಣಿಯ ತಳದಲ್ಲಿ ತನ್ನ ಹೆಸರು ತಾನೇ ಕೂಗಿದ್ದು ನನ್ನ ತಲೆಯಿಂದ ಹೋಗುವುದಿಲ್ಲ.

ನಾನು ಲಾಯಕ್ಕೆ ಹೋಗಿ, ಬಲಗಣ್ಣಿನ ಮೇಲೆ ಬರಲಿನ ಗಾಯ ಒಣಗಿದ್ದ ಕರಿ ಗಂಡು ಕುದುರೆಯನ್ನು ಬಿಚ್ಚಿ ಪಕ್ಕದ ಅಂಗಳಕ್ಕೆ ಬಿಟ್ಟೆ. ಹಾಲಪ್ಪ ಎದ್ದು ಬಂದು ದೂರದಲ್ಲಿ ನಿಂತ. ಬಾಯಿಗೆ ಕಟ್ಟಿದ ಬಟ್ಟೆಯಿಂದ ಮುಖ ಒರೆಸಿಕೊಳ್ಳುತ್ತಿದ್ದ.

"ನಾಳಿಂದ ಇದರ ಕೂಡ ಕುಂದರು," ಎಂದೆ.

ಅವನು ಕುದುರೆಯನ್ನು ನೋಡಿದ, ನನ್ನನ್ನು ನೋಡಿದ. "ಅಕ್ಕಾ, ನನ್ನ ಮ್ಯಾಲಿನ ಸಿಟ್ಟು ಹೋತೇನು?" ಎಂದ.

"ಇಲ್ಲ," ಎಂದೆ. "ಇನ್ನೂ ಹನ್ನೊಂದು ಅದಾವ. ಆರಕ್ಕ ಬ್ಯಾಡ, ಐದಕ್ಕ ಬಾ."